ರೂವಿ ಬಸ್‌ಸ್ಟ್ಯಾಂಡಿನಲ್ಲಿ ದುಬೈ ಮಾತು

ಮಸ್ಕತ್ತಿನ ರೂವಿಯಲ್ಲಿ ಅಲ್ ಮವಾಲೇಹ್ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಿಂದ ಮಂಗಳೂರು ಕನ್ನಡ ಕೇಳಿಸಿತು. ಒಂದೇ ಕ್ಲಿನಿಕ್ಕಿನ ಸಮವಸ್ತ್ರ ತೊಟ್ಟ ಇಬ್ಬರು ನರ್ಸುಗಳು. ಹಿರಿಯರು ಕೂತಿದ್ದರು. ಕಿರಿಯಳು ಕೂರಲಾರದೆ ಅತ್ತಿತ್ತ ನಡೆಯುತ್ತಿದ್ದಳು.

“ದುಬೈ ಆಸ್ಪತ್ರೆಯವರು ಕೆಲಸಕ್ಕೆ ಬರ್ತೀಯಾ ಅಂತ ನಾಳೆಯೊಳಗೆ ಉತ್ತರ ಕೇಳಿದ್ದಾರೆ, ತೆರೇಸಾ ಬಾಯಿ. ನಾನು ಹೋಗ್ತೇನೆ.”

“ಇಲ್ಲಿ ಎಂತ ಕಮ್ಮಿ ಆಯ್ತು ನಿಂಗೆ, ಯಶ್ಮಿತಾ?”

“ಅಲ್ಲಿ ಮೆಟ್ರೋ ಉಂಟು. ದೋಹಾದಲ್ಲೂ ಉಂಟು. ನಾವು ಇನ್ನೂ ಬಸ್ಸಿಗೆ ಕಾಯುವುದು.”

“ಮೆಟ್ರೋ ಇದ್ರೆ ಆಯ್ತಾ? ಇಲ್ಲಿ ಜನ ನಿಂತು ಮಾತಾಡ್ತಾರೆ.”

“ಮಾತಾಡ್ಲಿಕ್ಕೆ ನಾನು ಇಲ್ಲಿ ಬಂದದ್ದಾ? ಹೊಸ ಮಷಿನ್ ಎಲ್ಲ ಮೊದಲು ಅಲ್ಲಿಗೇ ಬರ್ತದೆ. ಇಲ್ಲೇ ಕೂತ್ರೆ ನಾನು ಹಿಂದೆ ಬೀಳ್ತೇನೆ.”

“ಈ ಊರೂ ಮುಂದೆ ಹೋಗ್ತದೆ ಮಾರಾಯ್ತಿ, ಸ್ವಲ್ಪ ನಿಧಾನ. ನಾನು ಬಂದಾಗ ಇಷ್ಟು ರಸ್ತೆ ಎಲ್ಲಿತ್ತು?”

“ಹಾಗಾದ್ರೆ ನಿಮ್ಮ ಹೇಝಲ್ ಯಾಕೆ ದುಬೈಗೆ ಹೋದ್ಲು?”

ತೆರೇಸಾ ಬಾಯಿ ಕೈಚೀಲದ ಜಿಪ್ ಎಳೆದರು, ಏನೂ ತೆಗೆಯದೆ ಮತ್ತೆ ಮುಚ್ಚಿದರು.

“ಮಗಳು ಮಾತ್ರ ಅಲ್ಲ. ಚರ್ಚಿನ ಕ್ವಾಯರಲ್ಲಿ ನನ್ನ ಜೊತೆ ಹಾಡ್ತಿದ್ದವರೂ ಒಬ್ಬೊಬ್ರೇ ಹೋದ್ರು. ಕಳೆದ ವಾರ ನಮ್ಮ ಸಾಲಲ್ಲಿ ನಾನೊಬ್ಬಳೇ.”

“ಮತ್ತೆ ನನ್ನನ್ನು ಯಾಕೆ ಬೇಡ ಹೇಳ್ತೀರಿ?”

“ನೀನೂ ಹೋದ್ರೆ ಡ್ಯೂಟಿಯಲ್ಲಿ ನಾನು ಯಾರ ಹತ್ರ ಮಾತಾಡುವುದು?”

ಯಶ್ಮಿತಾ ಅವರ ಪಕ್ಕ ಬಂದು ಕೂತಳು. ಅಷ್ಟರಲ್ಲಿ ಅವರ ಬಸ್ಸು ಬಂತು. ಇಬ್ಬರೂ ಎದ್ದರು. ಮೆಟ್ಟಿಲು ಹತ್ತುತ್ತಾ ತೆರೇಸಾ ಬಾಯಿ ಅವಳ ತೋಳು ಹಿಡಿದರು.

“ಅಲ್ಲಿ ನನ್ನ ವಯಸ್ಸಿನವರನ್ನು ತಗೊಳ್ತಾರಾ? ನಾಳೆ ಫೋನ್ ಮಾಡುವಾಗ ಅದನ್ನೂ ಒಂದು ಕೇಳು.”