ಬೋರಲ ಇಟ್ಟ ತಂಬಿಗಿ

ನಗೋರು ಎದ್ದು ಹೋಗ್ರಿ. ಇದು ಯಾರೋ ಹೇಳಿದ್ದಲ್ಲ, ನಮ್ಮ ದೊಡ್ಡವ್ವನ ಮಗ ಗೂಳಪ್ಪಗ ಆಗಿದ್ದು. ಎಪ್ಪತ್ತಾರನೇ ಇಸವಿ, ಬ್ಯಾಸಗಿ.

ಅವತ್ತು ಅಂವ ಯಮನೂರಿಂದ ನಡಕೊಂತ ಬರಾಕತ್ತಿದ್ದ. ದೀಪ ಹಚ್ಚೋ ಹೊತ್ತು ಮೀರಿತ್ತು. ಊರ ಹೊರಗಿನ ಹಾಳಬಾವಿ ಹತ್ರ ಬಂದ… ಹಿಂದ ಸೈಕಲ್ ಸಪ್ಪಳ. ಚೈನು ಎಲ್ಲೋ ತಾಗಿ ಕರ್ರ್… ಕರ್ರ್… ಆಮ್ಯಾಲ ಒಂದ ಸಲ ಗಂಟಿ. ಟಿಣ್.

ಆ ಗಂಟಿ ಊರಿಗೆಲ್ಲಾ ಗೊತ್ತು. ಇಮಾಮುದ್ದೀನ ಡಾಕ್ಟರದು. ಎಂಥಾ ಮನಷ್ಯಾ ಅಂತೀರಿ! ನೆಲದ ಮ್ಯಾಲ ಕುಂತು ನಮ್ಮ ಮಾತು ಪೂರಾ ಕೇಳತಿದ್ರು. ಸ್ಟೆತಸ್ಕೋಪಿನ ಬಿಲ್ಲಿ ಥಣ್ಣಗಿರತೈತಲ್ಲ, ಅದನ್ನ ಮೊದಲ ತಮ್ಮ ಅಂಗೈಯಾಗ ತಿಕ್ಕಿ ಬೆಚ್ಚಗ ಮಾಡಿ ಎದಿಗೆ ಹಚ್ಚತಿದ್ರು. ಅವರಿಗೆ ಸಿಟ್ಟು ಬರತಿದ್ದದ್ದು ಒಂದಕ್ಕ. ಬಾಣಂತಿಗೆ ನೀರು ಕೊಡದಂಗ ಬಾಯಿ ಒಣಗಸೂದಕ್ಕ. ತಾವ ಎದರಿಗೆ ಕುಂತು ಕುಡಿಸಿ, ಖಾಲಿ ತಂಬಿಗಿ ಬೋರಲ ಇಡತಿದ್ರು, ಅತ್ತಿ ನೋಡಲಿ ಅಂತ.

ಆದ್ರ ಅವರು ಸತ್ತು ಎಂಟು ತಿಂಗಳಾಗಿತ್ತು!

ಹೊಟ್ಟಿ ಉರೀತೈತಿ ನನಗ, ಹೇಳಾಕ. ದೊಡ್ಡವ್ವ ಸಾವಕ್ಕಗ ಜ್ವರ ಅಂತ ಗೂಳಪ್ಪ ತಾನ ಹೋಗಿ ಅವರನ್ನ ಕರದು ಬಂದಿದ್ದ. ಬೆಣ್ಣಿಹಳ್ಳ ತುಂಬಿದಾಗ, ಕರದಾಂವ ದಂಡಿ ಮ್ಯಾಲ ಕಂದೀಲ ಹಿಡದು ನಿಂದರಬೇಕು, ಎಲ್ಲಿ ದಾಟಬೇಕಂತ ತೋರಸಾಕ. ಅದು ನಮ್ಮೂರ ರೀತಿ. ಜಿಟಿಜಿಟಿ ಮಳಿ ಐತಿ ಅಂತ ಈ ಶಾಣ್ಯಾ ಕಂಬಳಿ ಹೊತ್ತು ಮಲಗಿದ. ಡಾಕ್ಟರು ಹಳ್ಳದಾಗ ಕೊಚ್ಚಿ ಹೋದ್ರು.

ಈಗ ಸೈಕಲ್ ಬಾಜೂಕ ಬಂದು ನಿಂತಿತು. ಗೂಳಪ್ಪ ಹೊಳ್ಳಿ ನೋಡಲಿಲ್ಲ.

"ಹೆಂಡತಿಗೆ ನೀರು ಕೊಟ್ಟಿಯೇನು?" ಪಿಸುದನಿ.

"ಇಲ್ರಿ… ಅವ್ವ ಬ್ಯಾಡಂದಾಳ್ರಿ."

"ಹಡದು ಎಷ್ಟು ದಿನ?"

"ಐದ್ರಿ… ಮೈ ಸುಡಾಕತ್ತೈತ್ರಿ."

"ಕಂದೀಲಾನೂ ಹಿಡೀಲಿಲ್ಲ. ಮಾತೂ ಕೇಳಲಿಲ್ಲ!"

ಕರ್ರ್… ಕರ್ರ್… ಸಪ್ಪಳ ಅವನ್ನ ದಾಟಿ ಊರ ಕಡೆ ಹೋತು. ದಾರ್ಯಾಗ ಸೈಕಲ್ ಕಾಣಲಿಲ್ಲ.

ಓಡಿ ಬಂದು ನೋಡತಾನ, ಹೆಂಡತಿ ಮೈಲಾರವ್ವ ಎದ್ದು ಕುಂತಾಳ. ತುಟಿ ಹಸಿ. ಗೂಳಪ್ಪ ಚೀರಿದ್ದು ಕೇಳಿ ಬಾಜು ಮನಿಯಿಂದ ನಾನೂ ಹೋದೆ.

"ಡಾಕ್ಟರು ಬಂದಿದ್ರು," ಅಂದ್ಲು. "ಬಿಲ್ಲಿ ಅಂಗೈಯಾಗ ತಿಕ್ಕಿದ್ರು. ನೀರು ಕುಡಿಸಿದ್ರು. ಅತ್ತಿಗೆ ಭಾಳ ಬೈದ್ರು."

ದೊಡ್ಡವ್ವ ಮೂಲ್ಯಾಗ ಸೆರಗಿಲೆ ಮಾರಿ ಮುಚಗೊಂಡು ಕುಂತಿದ್ಲು. ನನಗ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಈಕಿ ಜ್ವರಕ್ಕಂತ ಬರಾಕ ಹೋಗಿ ಜೀವ ಕೊಟ್ಟಾರ ಅವರು. ಈಕಿ ಸೊಸೀಗೆ ಒಂದು ಗುಟುಕು ನೀರು ಕೊಡಲಿಲ್ಲ!

ಸುಳ್ಳಂದ್ರ ಮೈಲಾರವ್ವನ್ನ ಕೇಳ್ರಿ, ಗಟ್ಟಿಮುಟ್ಟಿ ಅದಾಳ. ಹಾಸಿಗಿ ಬಾಜು ತಂಬಿಗಿ ಬೋರಲ ಇತ್ತು. ಬೆಳಗಬೇಕಂತ ನಾನ ಎತ್ತಿದೆ. ಹಳ್ಳ ಬತ್ತಿ ಮೂರು ತಿಂಗಳಾಗಿತ್ತು, ತಿಳೀತಿಲ್ಲೋ? ತಂಬಿಗಿ ಕೆಳಗ ಒಂದು ಹಿಡಿ ಹಳ್ಳದ ಕರೇ ರಾಡಿ… ಈ ಕೈಯಿಲೆ ಮುಟ್ಟೀನಿ.

ಬೆಚ್ಚಗಿತ್ತು.