ಚುಕ್ಕಿಗಳಿಗೆ ಇಸ್ತ್ರಿ

ಅಧ್ಯಕ್ಷರ ಕುರ್ಚಿಯಲ್ಲಿರುವ ನಮ್ಮ ಪ್ರೆಸ್ಸಿನ ಯಜಮಾನರೇ, ಇಂದು ನಿವೃತ್ತರಾಗುತ್ತಿರುವ ಅಕ್ಕ ಅವರೇ, ಯಂತ್ರ ನಿಲ್ಲಿಸಿ ಕೈ ತೊಳೆದು ಬಂದಿರುವ ಸಭಿಕರೇ,

ಬೆಳಿಗ್ಗೆ ಈ ಮೇಜಿನ ಮೇಲೆ ಸನ್ಮಾನ ಪತ್ರ ಇಡುವಾಗ ಒಂದು ಸಂಗತಿ ಕಂಡೆ. ಹೊಂಬಣ್ಣದ ಅಕ್ಷರ, ಚೆಂದದ ಚೌಕಟ್ಟು, ಮೇಲೆ ನುಣುಪಾದ ಗಾಜು. ಹದಿನೆಂಟು ವರ್ಷ ಬೆರಳಿನಿಂದಲೇ ಓದಿದವರಿಗೆ ನಾವು ಗಾಜು ಕೊಡುತ್ತಿದ್ದೇವೆ. ಯಜಮಾನರು ನನ್ನನ್ನು ಹಾಗೆ ನೋಡಬೇಕಿಲ್ಲ. ಅದರ ವಾಕ್ಯಗಳನ್ನು ಬರೆದವಳು ನಾನೇ, ನನಗೂ ಹೊಳೆಯಲಿಲ್ಲ.

'ಸಾಹಿತ್ಯ ಓದಿದೋಳು, ನೀನೇ ಮಾತಾಡಮ್ಮ' ಎಂದರು ಯಜಮಾನರು. ಓದುವವರು ಓದುವುದೇ ಮಾತು ತಪ್ಪಿಸಿಕೊಳ್ಳಲು ಎಂಬುದು ಅವರಿಗೆ ಗೊತ್ತಿಲ್ಲ.

ನಾವು ಮಾಡುವುದು ವಿಸಿಟಿಂಗ್ ಕಾರ್ಡು. ಹೆಸರು, ಫೋನ್ ನಂಬರು ಮಸಿಯಲ್ಲಿ, ಅವೇ ಮತ್ತೆ ಉಬ್ಬಿದ ಬ್ರೈಲ್ ಚುಕ್ಕಿಗಳಲ್ಲಿ. ಕಣ್ಣು ಕಾಣದ ನಮ್ಮ ಅಕ್ಕ ಪ್ರತಿ ಕಟ್ಟಿನಿಂದ ಒಂದು ಕಾರ್ಡು ಮುಟ್ಟಿ ಓದಿ 'ಹೂಂ' ಎಂದರೆ ಮಾತ್ರ ಆ ಕಟ್ಟು ಹೊರಗೆ.

ನಾನು ಸೇರಿದ ಎರಡನೇ ವಾರ ಒಬ್ಬ ದಂತವೈದ್ಯರ ಐನೂರು ಕಾರ್ಡು ತಯಾರಾದವು. ಅಚ್ಚಾದ ಕಾರ್ಡು ಬಾಗದಂತೆ ಕಬ್ಬಿಣದ ತೂಕದಡಿ ಇಡುವುದು ಪ್ರೆಸ್ಸಿನ ಪದ್ಧತಿಯಲ್ಲವೇ? ನಾನು ಶ್ರದ್ಧೆಯ ಹುಡುಗಿ. ಎರಡು ತೂಕ ಇಟ್ಟೆ. ಊಟ ಮುಗಿಸಿ ಬಂದ ಅಕ್ಕ ಒಂದು ಕಾರ್ಡಿನ ಮೇಲೆ ಬೆರಳಾಡಿಸಿದರು. ಮತ್ತೊಂದು ತೆಗೆದರು.

'ಏನೇ, ಡಾಕ್ಟರಿಗೆ ಹೆಸರೇ ಇಲ್ವಾ?'

'ದೊಡ್ಡದಾಗೇ ಇದೆಯಲ್ಲ ಅಕ್ಕಾ.'

'ಕಣ್ಣಲ್ಲಿ ನೋಡ್ತಿದೀಯ. ಮುಟ್ಟು. ಚುಕ್ಕಿಗೆಲ್ಲ ಇಸ್ತ್ರಿ ಹಾಕ್ಬಿಟ್ಟಿದೀಯಲ್ಲೇ.'

ಅತ್ತುಬಿಟ್ಟೆ. ಅಕ್ಕ ಕಾರ್ಡುಗಳನ್ನು ದೂರ ಸರಿಸಿದರು. 'ಆ ಕಡೆ ತಿರುಗಿ ಅಳು. ಚುಕ್ಕಿ ಹೋಯ್ತು, ಮಸಿನಾದ್ರೂ ಉಳೀಲಿ.'

ಯಜಮಾನರು ಹೇಳುತ್ತಾರೆ, 'ಇನ್ಮೇಲೆ ಚುಕ್ಕಿನೆಲ್ಲ ಕಂಪ್ಯೂಟರೇ ನೋಡ್ಕೊಳ್ಳುತ್ತೆ, ಅಕ್ಕನ ಕುರ್ಚಿ ಗೋದಾಮಿಗೆ ಹಾಕಿ.' ಸರಿ. ಆದರೆ ಆ ದಿನ ಕಂಪ್ಯೂಟರಿನಲ್ಲಿ ಎಲ್ಲ ಚುಕ್ಕಿಯೂ ಸರಿಯಾಗಿಯೇ ಇತ್ತಲ್ಲವೇ? ಡಾಕ್ಟರಿಗೆ ಹೆಸರಿಲ್ಲ ಎಂದು ಹೇಳಿದ್ದು ಯಾರು?

ಮೂರು ತಿಂಗಳ ಹಿಂದೆ ಅಕ್ಕ ಕೇಳಿದ್ದರು, 'ನನ್ನ ಕುರ್ಚೀಲಿ ನೀನು ಕೂತ್ಕೋತೀಯಾ? ಬೆರಳಿಗೆ ಕಲಿಸೋಕೆ ವರ್ಷ ಹಿಡಿಯುತ್ತೆ.' ನಾನು ಕಾರ್ಡು ಎಣಿಸುವ ನೆಪದಲ್ಲಿ ಜಾರಿಕೊಂಡೆ. ಕವಿತೆ ಓದಿದವಳು ಹಲ್ಲಿನ ಡಾಕ್ಟರ ಫೋನ್ ನಂಬರು ಓದುತ್ತ ಕೂರುವುದೇ ಎಂಬ ಜಂಬ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಅಕ್ಕ ಮತ್ತೆ ಕೇಳಲಿಲ್ಲ.

ಅಕ್ಕಾ, ಆ ಚೌಕಟ್ಟಿನ ಹಿಂಬದಿಗೆ ಒಂದು ಕಾರ್ಡು ಅಂಟಿಸಿದ್ದೇನೆ. ಬೆಳಿಗ್ಗೆ ಗೋಡೆಯ ಮೇಲಿನ ಬ್ರೈಲ್ ಅಕ್ಷರಪಟ್ಟಿ ನೋಡಿಕೊಂಡು ಒಂದೊಂದೇ ಚುಕ್ಕಿ ಚುಚ್ಚಿ ಬರೆದದ್ದು. ನೀವು ಕೇಳಿದ್ದಕ್ಕೆ ಉತ್ತರ: 'ಕೂತ್ಕೋತೀನಿ.' ತಪ್ಪುಗಳಿರಬಹುದು, ಇಸ್ತ್ರಿ ಮಾತ್ರ ಹಾಕಿಲ್ಲ. ಸೋಮವಾರದಿಂದ ಪ್ರತಿ ಸಂಜೆ ನಿಮ್ಮ ಮನೆಗೆ ಬರುತ್ತೇನೆ, ತಿದ್ದಿ. ಯಜಮಾನರೇ, ಕುರ್ಚಿ ಅಲ್ಲೇ ಇರಲಿ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೂ, ಅಂದು ಕಾರ್ಡುಗಳನ್ನು ದೂರ ಸರಿಸಿದ ಆ ಕೈಗಳಿಗೂ ವಂದನೆಗಳು. ನಮಸ್ಕಾರ.