ಯೋಹಾನಪ್ಪನ ಸಾಕ್ಷಿ

ಶ್! ಅಯ್ಯನೋರೆ, ಬಾಗಿಲ ಹತ್ರ ಹೋಗಬೇಡಿ! ಕೂತ್ಕೊಳ್ಳಿ, ಆ ಚಾಪೆ ಮೇಲೆ... ಮನೆ ಯಜಮಾನಿ ಸಿದ್ದಲಿಂಗಮ್ಮ ಜಗಲಿ ಮೇಲೆ ಅಕ್ಕಿ ಆರಿಸ್ತಾ ಕೂತವ್ರೆ. ಈ ಕೋಣೆಗಿರೋದು ಅದೊಂದೇ ದಾರಿ. ನಿಮ್ಮ ಕತ್ತಿನ ಪಾದ್ರಿ ಪಟ್ಟಿ ಕಂಡರೆ ಮುಗೀತು, ಸಂಜೆಗೆ ನನ್ನ ಪಾತ್ರೆ ಪಡಗ ಅಗ್ರಹಾರದ ಬೀದಿಲಿ! ಆಯಮ್ಮ ಒಳಕ್ಕೆ ಹೋಗಲಿ, ಆಮೇಲೆ ಹೊರಡಿ. ಅಲ್ಲಾ, ಸಭೇಲಿ ಒಬ್ಬರಿಗೂ ಹೇಳಿರಲಿಲ್ಲ ನಾನು, ಮನೆ ಎಂಗೆ ಪತ್ತೆ ಮಾಡಿದ್ರಿ?

ಯಾಕೆ ನನ್ನ ಹಣೆ ನೋಡ್ತೀರಿ? ಇದಾ... ಸುಣ್ಣ ಕಣ್ರೀ, ಗೋಡೆಗೆ ಬಳೀತಿದ್ದೆ.

ನಗಬೇಡಿ. ಆಯ್ತು, ವಿಭೂತಿ. ಆಯಮ್ಮ ದಿನಾ ಕೊಡ್ತಾರೆ, ಬೇಡ ಅನ್ನೋದು ಎಂಗೆ? ಭಾನುವಾರ ಚರ್ಚಿನ ಗಂಟೆ ಹೊಡೆಯೋಕೆ ಬರೋವಾಗ ದಾರೀಲಿ ಒರೆಸ್ಕೋತೀನಿ. ದೊರೆಗಳು ಸೀಮೆಗೆ ಹೋದರು, ನಮ್ಮ ಮಿಷನ್ ಕಾಂಪೌಂಡಿನ ಮನೆ ಕೈಬಿಟ್ಟಿತು. ನಾನೂ ನನ್ನ ಹೆಂಡತೀನೂ ಏಳು ಬೀದಿ ಅಲೆದ್ವು. ಯೋಹಾನಪ್ಪ ಅಂದ್ರೆ ಸಾಕು, ಬಾಗಿಲು ದಢಾರ್! ಎಂಟನೇ ಬೀದಿಲಿ ದೀಕ್ಷಾಸ್ನಾನಕ್ಕೆ ಮುಂಚಿನ ಹೆಸರು ಹೇಳ್ಬುಟ್ಟೆ. ಹುಚ್ಚಯ್ಯ. ಅವಳು ಮಾರ್ತಮ್ಮ ಹೋಗಿ ಕೆಂಚಮ್ಮ ಆದಳು. ಒಂದು ಬಾಡಿಗೆ ಕೋಣೆಗೋಸ್ಕರ, ಅಷ್ಟೇ! ಒಳಗೆ ನಾನು ಬಂಡೆ ಕಣ್ರೀ, ಬಂಡೆ.

ಭಾನುವಾರ ಸಭೆ ಮುಂದೆ ನನ್ನ ನಂಬಿಕೆ ಬಗ್ಗೆ ಸಾಕ್ಷಿ ಹೇಳಬೇಕು ತಾನೆ? ಹೇಳ್ತೀನಿ! ನಾನು ಗಂಟೆ ಹೊಡೆದರೆ ಶ್ರೀರಂಗಪಟ್ಟಣದ ಹೊಳೇಲಿ ಮೀನು ಎಗರ್ತಿದ್ವು. ಒಂದ್ಸಲ ದಸರಾ ಆನೆ ನಡುಬೀದಿಲಿ ನಿಂತು, ಸೊಂಡಿಲೆತ್ತಿ... ನಗ್ರೀ, ನಗ್ರೀ. ನೀವು ಹೇಳಿದ್ರಲ್ಲ, ಹಿಂದಿನ ಕಾಲದಲ್ಲಿ ದೇವರನ್ನ ಬೈಯಲ್ಲ ಅಂತ ಬೆಂಕೀಲಿ ಸತ್ತ ಪಾಲಿಕಾರ್ಪ, ಅವನೂ ನನ್ನ ಹಾಗೇ ಮುದುಕ. 'ಎಂಬತ್ತಾರು ವರ್ಷ ಆತನ ಸೇವೆ ಮಾಡಿದ್ದೀನಿ, ನನಗೆ ಒಂದು ಕೇಡೂ ಮಾಡಲಿಲ್ಲ, ಎಂಗೆ ಬೈಯಲಿ?' ಅಂದನಂತೆ. ಬೆಂಕಿ ಮೂರು ಸುತ್ತು ಬಂದು ಆತನಿಗೆ ಅಡ್ಡಬಿತ್ತಲ್ಲ, ಅದನ್ನ ಮೊನ್ನೆ ನೀವು ಹೇಳಲೇ ಇಲ್ಲ! ಪುಸ್ತಕದಲ್ಲಿ ಇಲ್ವಾ? ಓದು ಬರದೋನಿಗೆ ಪುಸ್ತಕದ ಹಂಗೇನು ಬುಡಿ.

ಆದರೆ ನೀವು ಅವತ್ತೇ ಹೇಳಿದ ಆ ಆಫ್ರಿಕಾದ ಸಭೆ ಹಿರಿಯ, ಸಿಪ್ರಿಯಾನ, ಅವನು ನನಗೆ ಹಿಡಿಸಲಿಲ್ಲ. ಪ್ರಾಣಭಯಕ್ಕೆ ವಿಗ್ರಹದ ಮುಂದೆ ಧೂಪ ಹಾಕಿದೋರು ಅತ್ಕೊಂಡು ಬಂದರೆ, ಸ್ವಲ್ಪ ಕಾಲ ಕಾಯಿಸಿ ಸಭೆ ಒಳಕ್ಕೆ ಸೇರಿಸಬೇಕಂತೆ. ಸಾಯೋ ಸ್ಥಿತೀಲಿದ್ರೆ ಕಾಯಿಸಲೂಬಾರದಂತೆ. ನಾನು ಎದ್ದು ಗುಡುಗಲಿಲ್ವಾ, ಅಂಥೋರಿಗೆ ಬಾಗಿಲು ತೆಗೀಬಾರದು ಅಂತ! ಎಲ್ಲರೂ 'ಆಮೆನ್' ಅಂದರು. ನೀವು ಮಾತ್ರ ಸುಮ್ಮನೆ ನನ್ನನ್ನೇ ನೋಡ್ತಿದ್ರಿ... ಈಗ ನೋಡ್ತಿರೋ ಹಾಗೇ.

ಶ್... ಕೂಗ್ತಾವ್ರೆ. ಹೂಂ ಕಣಮ್ಮಾ! ಇದ್ದೀನಿ! ...ಎಡೆನಾ? ಮಾಡಿ ಕಣಮ್ಮಾ, ಮಾಡಿ, ನಾನು ಆಮೇಲೆ ಬರ್ತೀನಿ...

ಕೇಳಿಸ್ತಾ? ಇಲ್ವಲ್ಲ? ...ಕೇಳಿಸ್ತು. 'ನಿನ್ನ ಹೆಂಡತಿ ಈ ಕೋಣೇಲಿ ಕಣ್ಮುಚ್ಚಿ ಇವತ್ತಿಗೆ ವರ್ಷ ಆಯ್ತು, ಅವಳಿಗೆ ಎಡೆ ಇಡ್ತೀನಿ' ಅಂತ. ಆಯಮ್ಮಂಗೆ ಅರಳುಮರಳು, ಅಯ್ಯನೋರೆ. ನಾನೇ ಹೇಳಲಿಲ್ವಾ ನಿಮಗೆ, ಮಾರ್ತಮ್ಮ ನರಸೀಪುರದಲ್ಲಿ, ಅಣ್ಣನ ಮನೇಲಿ ತೀರಿಕೊಂಡಳು ಅಂತ? ನೀವೇ ಸಭೇಲಿ ಪ್ರಾರ್ಥನೆ ಮಾಡಿದ್ರಿ. ಇದು ಬೇರೆ ಯಾರೋ ಕೆಂಚಮ್ಮ...

ಏನಾದ್ರೂ ಅನ್ನಿ.

ಬೈದುಬುಡಿ, ಅಯ್ಯನೋರೆ.

ಈ ಚಾಪೆ ಮೇಲೇ. ನೀವು ಕೂತಿರೋ ಜಾಗದಲ್ಲೇ. ಸಾಯೋ ಮುಂಚೆ ಮೂರು ದಿನ ಅವಳದು ಒಂದೇ ಮಾತು, 'ಅಯ್ಯನೋರನ್ನ ಕರ್ಕೊಂಡು ಬನ್ನಿ, ಪ್ರಾರ್ಥನೆ ಮಾಡಿ ಪ್ರಭು ಭೋಜನದ ರೊಟ್ಟಿ ಕೊಡಲಿ, ಹೋಗ್ತೀನಿ.' ಇಲ್ಲಿಂದ ನಿಮ್ಮ ಮನೆಗೆ ಎಷ್ಟು ದೂರ? ಒಂದು ಎಲೆ ಅಡಿಕೆ ಹಾಕ್ಕೊಂಡು ಅಗಿಯೋ ಅಷ್ಟು. ಹೊರಟೆ, ದೇವರಾಣೆ ಹೊರಟೆ! ಬೀದಿ ಕೊನೇ ನಲ್ಲಿ ತನಕ ಹೋದೆ. ಹೆಂಗಸರು ನೀರು ಹಿಡೀತಿದ್ರು. ನೀವು ಆ ಪಟ್ಟಿ ಹಾಕ್ಕೊಂಡು ಅವರ ಮುಂದೆ ನಡೆದು ಬರೋದು ಕಣ್ಣಿಗೆ ಕಟ್ಟಿತು. ಸಾಯೋ ಹೆಂಗಸನ್ನ ಎತ್ಕೊಂಡು ಮತ್ತೆ ಯಾವ ಬೀದಿ ಅಲೀಲಿ? ನಿಂತೆ... ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದುಬುಟ್ಟೆ.

ಅವಳು ಸತ್ತ ಮೇಲೆ ಈ ಬೀದಿಯೋರೇ ಹಣೆಗೆ ವಿಭೂತಿ ಬಳಿದು ಮಣ್ಣು ಮಾಡಿದರು. ಒಳ್ಳೇ ಜನ. ಅಳ್ತಾ ಅಳ್ತಾ ಮಾಡಿದರು.

ವಾಪಸ್ ಬಂದು ಅವಳಿಗೆ ಏನು ಹೇಳಿದೆ ಗೊತ್ತಾ? 'ಅಯ್ಯನೋರು ಊರಲ್ಲಿಲ್ಲ ಕಣೇ' ಅಂದೆ. ನೀವು ಇದ್ರಿ. ಅವತ್ತು ಬುಧವಾರ, ಬೈಬಲ್ ಕ್ಲಾಸಲ್ಲಿ ಇದ್ರಿ. ಮಾರನೇ ದಿನಾನೂ ಅದನ್ನೇ ಅಂದೆ. ಅವಳು ನನ್ನ ಕೈ ಹಿಡ್ಕೊಂಡು, 'ಪಾಪ, ಅವರಿಗೆ ಎಷ್ಟು ಊರಿನ ಕೆಲಸವೋ... ನಾನು ಹೋದ ಮೇಲೆ ಅವರ ಮೇಲೆ ಕೋಪ ಮಾಡ್ಕೋಬೇಡಿ' ಅಂದಳು ಕಣ್ರೀ.